ಸೋದರತ್ತೆ ಹೇಳಿದ್ದೇ ಹೆಸರು

ಕಂಚಿನಕೋಟೆಯ ಅರಸನಿಗೆ ಕೆಲಸ ಕಡಿಮೆ, ಬಿರುದು ಜಾಸ್ತಿ. ಹೊಗಳುಭಟ್ಟ ಬಿರುದು ಕೂಗಲು ಶುರು ಮಾಡಿದರೆ, ಅರಸ ಬಂದು ಕೂತು ಒಂದು ಸಣ್ಣ ನಿದ್ದೆ ತೆಗೆದು ಎದ್ದರೂ ಮುಗಿಯುತ್ತಿರಲಿಲ್ಲ. ಸಭಿಕರೆಲ್ಲ ಭಕ್ತಿಯಿಂದ ಕಣ್ಣು ಮುಚ್ಚಿರುತ್ತಿದ್ದರು. ಭಕ್ತಿ ಹೆಚ್ಚಾದವರು ಗೊರಕೆಯನ್ನೂ ಹೊಡೆಯುತ್ತಿದ್ದರು.

ಒಂದು ದಿನ ಕುದುರೆ ಲಾಯದಿಂದ ಯಾರೋ ಕೂಗಿದ್ದು ಅರಸನ ಕಿವಿಗೆ ಬಿತ್ತು. "ಏ ರಾಜಶೇಖರಾ, ಲದ್ದಿ ಬಾಚೋ!"

ಅರಸನಿಗೆ ಮೈಯೆಲ್ಲ ಉರಿದುಹೋಯಿತು. "ಲದ್ದಿ ಬಾಚೋನಿಗೆ ಇಷ್ಟುದ್ದ ಹೆಸರೇ? ಇನ್ನು ಮೇಲೆ ಪ್ರಜೆಗಳ ಗಂಡುಮಕ್ಕಳಿಗೆ ಒಂದಕ್ಷರದ ಹೆಸರು. ಉದ್ದದ್ದೆಲ್ಲ ಅರಮನೆಗೆ! ಒಂದಕ್ಷರ ಯಾರಿಗೇ ಬೀಳಲಿ, ಸಾಯೋತನಕ ಅವನಿಗೆ ಇನ್ನೊಂದು ಹೆಸರಿಲ್ಲ. ಬೇರೆ ಹೆಸರಲ್ಲಿ ಕರೆದವರಿಗೆ ಛಡಿ ಏಟು!"

ಆಹಾ, ಎಂಥ ಆಡಳಿತ! ಕೆರೆ ಒಡೆದು ವರ್ಷವಾಗಿತ್ತು, ಅದಕ್ಕೆ ಪುರುಸೊತ್ತಿರಲಿಲ್ಲ. ಹೆಸರು ಹಂಚಲು ಮಾತ್ರ ಪಂಡಿತರ ಸಾಲು ಕೂತಿತು. ಶ್ರೀ, ಜೈ, ಓಂ ಇವೆಲ್ಲ ಮೊದಲ ದಿನವೇ ಅಧಿಕಾರಿಗಳ ನೆಂಟರ ಮನೆ ಸೇರಿದವು. ಅರಮನೆಗೆ ಹೂ ಕಟ್ಟಿಕೊಡುವ ದೇವೀರಮ್ಮ ಕೂಸನ್ನು ಎತ್ತಿಕೊಂಡು ಬರುವ ಹೊತ್ತಿಗೆ ಉಳಿದಿದ್ದು ಒಂದೇ ಒಂದು. ಪಂಡಿತರು ಅದನ್ನೇ ಗಂಭೀರವಾಗಿ ಬರೆದುಕೊಟ್ಟರು: "ಙ."

ಆಸ್ಥಾನದಲ್ಲಿ ನಿದ್ದೆ ಮಾಡದೆ ಕೂರುತ್ತಿದ್ದವನು ಸಿದ್ದರಸ ಒಬ್ಬನೇ. ದೇವೀರಮ್ಮ ಅವನ ಮನೆಗೇ ಓಡಿದಳು.

"ಬುದ್ಧೀ, ಇದನ್ನ ಹೆಂಗೆ ಕರೀಲಿ? ಬಾಯಲ್ಲಿ ಬರಾಕಿಲ್ಲ, ಮೂಗಲ್ಲಿ ಬರ್ತದೆ!" ಎಂದು ಅತ್ತಳು. "ಕಲ್ಲುಗುಡ್ಡದ ಕೋಟೆ ಮುಂದೆ ನಮ್ಮೋರು ಸತ್ತಾಗ ಇದು ಹೊಟ್ಟೇಲಿತ್ತು. ಗಂಡನ ಹೆಸರನ್ನ ನಾನು ಒಂದಿನಾನೂ ಬಾಯಿಬಿಟ್ಟು ಹೇಳಿದೋಳಲ್ಲ. ಮಗನಿಗೆ ಅದೇ ಹೆಸರಿಟ್ಟು ಬಾಯ್ತುಂಬ ಕರೀಬೇಕು ಅಂತ ಆಸೆ ಇಟ್ಕೊಂಡಿದ್ದೆ."

ಸಿದ್ದರಸ ಕೂಸಿನ ತಲೆ ಸವರಿದ. "ಸ್ವಲ್ಪ ದಿನ ತಡಿ ತಾಯಿ. ಅರಮನೆಯಲ್ಲೂ ಗಂಡು ಹುಟ್ಟಿದೆ. ಮುಂದಿನ ವಾರ ತೊಟ್ಟಿಲ ಶಾಸ್ತ್ರ," ಎಂದ.

ಮರುದಿನ ಅರಸನ ಮುಂದೆ ಕೈಮುಗಿದು ನಿಂತ. "ಪ್ರಭು, ಯುವರಾಜರಿಗೆ ಬರೀ ಒಂದು ಹೆಸರು ಸಾಕೇ? ತಮ್ಮ ಬಿರುದನ್ನೆಲ್ಲ ಹೆಸರಿಗೇ ಸೇರಿಸಿಬಿಡಿ. ಮುಂದೆ ಯುದ್ಧ ಮಾಡಿ ಗಳಿಸೋ ರಗಳೆ ಅವರಿಗೆ ಇರೋದಿಲ್ಲ."

"ಭೇಷ್! ತಾತನ ಬಿರುದೂ ಸೇರಲಿ!" ಎಂದ ಅರಸ.

ತೊಟ್ಟಿಲ ದಿನ ಬಂತು. ಮಗುವಿನ ಸೋದರತ್ತೆ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು, ಹೇಳುವಷ್ಟು ಹೊತ್ತೂ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇದು ಆ ಊರಿನ ಶಾಸ್ತ್ರ. ಚಿಕ್ಕ ಹೆಸರಾದರೆ ನಗುನಗುತ್ತಾ ಮುಗಿದುಹೋಗುತ್ತಿತ್ತು.

ಇಲ್ಲಿ ಸೋದರತ್ತೆ ಎಂದರೆ ಅರಸನ ಅಕ್ಕ ಚೆನ್ನಾಜಮ್ಮ. ಅರಸ ಭೂಮಿಯ ಮೇಲೆ ಹೆದರುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಓಲೆಗರಿಯ ಕಟ್ಟು ಹಿಡಿದು ಓದತೊಡಗಿದಳು. "ಶತ್ರುಕುಲದ ಗಂಡ, ಕಲ್ಲುಗುಡ್ಡದ ಕೋಟೆ ಕೆಡಹಿದ ಕಲಿ..." ವರ್ಷಗಟ್ಟಲೆ ಅವಳ ಬೈಗುಳ ತಿಂದಿದ್ದ ಹೆಂಗಸರು ಶಾಸ್ತ್ರಕ್ಕೆ ಒಂದಿಷ್ಟೂ ಕುಂದು ಬಾರದ ಹಾಗೆ ಗುದ್ದಿದರು.

ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು.

"ಅಯ್ಯೋ, ಯುವರಾಜರಿಗೆ ಕೇಳಿಸಿರಲಾರದು! ಮೊದಲಿಂದ ಹೇಳಿ ಅಕ್ಕನವರೇ," ಎಂದ ಸಿದ್ದರಸ.

ಮೊದಲಿಂದ ಹೇಳಿದಳು. ಮೊದಲಿಂದ ಗುದ್ದಿದರು.

"ಲೋ ಸಿದ್ದರಸ, ಇನ್ನೂ ಎಷ್ಟಿದೆಯೋ?"

"ಇದು ನಿಮ್ಮ ತಮ್ಮನವರದು. ತಾತನವರದು ಇನ್ನೂ ಶುರುವಾಗಿಲ್ಲ. ಅದಾದ ಮೇಲೆ ಇಷ್ಟನ್ನೂ ಇನ್ನೆರಡು ಸಲ."

"ಹಾಳಾಗ್ಹೋಗ! ಈ ರಾಜ್ಯದಲ್ಲಿ ಒಂದು ಚಿಕ್ಕ ಹೆಸರೂ ಇಲ್ವೇನೋ?"

"ಚಿಕ್ಕವೇ ಇರೋದು ಅಕ್ಕನವರೇ! ಮೊನ್ನೆ ತಾನೇ ಹೂವಿನ ದೇವೀರಮ್ಮನ ಮಗನಿಗೆ ಪ್ರಭುಗಳು ಒಂದನ್ನು ದಯಪಾಲಿಸಿದರು. ಙ ಅಂತ."

ಚೆನ್ನಾಜಮ್ಮ ಓಲೆಗರಿ ಬಿಸಾಡಿದಳು. ಮಗುವಿನ ಕಿವಿಗೆ ಬಗ್ಗಿ, "ಙ! ಙ! ಙ!" ಎಂದು ಹೇಳಿ, ಬೆನ್ನು ಹಿಡಿದುಕೊಂಡು ಕಂಬಕ್ಕೆ ಒರಗಿ ಕೂತಳು.

ಅರಸ ಹಾರಿಬಿದ್ದ. "ಅಕ್ಕಾ! ನನ್ನ ವಂಶೋದ್ಧಾರಕನಿಗೆ ಙ ಅಂತಲೇ?"

"ಉದ್ದ ಹೆಸರು ಬೇಕಿದ್ದರೆ ನಿನ್ನ ಬೆನ್ನು ಕೊಡಬೇಕಿತ್ತು. ಸೋದರತ್ತೆ ಹೇಳಿದ್ದೇ ಹೆಸರು, ಮುಗೀತು. ಎಲೆ ಹಾಕ್ಸು, ಹಸಿವಾಗ್ತಿದೆ."

ಅರಸ ತೊಟ್ಟಿಲಿಗೆ ಬಗ್ಗಿ ಮಗನನ್ನು ಒಮ್ಮೆ ಕರೆದು ನೋಡಿದ. ಕಟ್ಟಿಹಾಕಿದ ಕರು ಮುಲುಗಿದ ಹಾಗಾಯಿತು. ದಾಸಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಸಿದ್ದರಸ, ಏನಾದರೂ ಮಾಡೋ!"

"ಸುಲಭ ಪ್ರಭು. ಮನೆಮನೆಯಲ್ಲೂ ತೊಟ್ಟಿಲ ಹೆಸರು ಒಂದು, ಕರೆಯೋ ಹೆಸರು ಇನ್ನೊಂದು ಇರುತ್ತೆ. ಯುವರಾಜರಿಗೂ ಇನ್ನೊಂದು ಇಡಬಹುದಿತ್ತು. ಆದರೆ ಏನು ಮಾಡೋದು, ಒಂದಕ್ಷರ ಬಿದ್ದವನಿಗೆ ಇನ್ನೊಂದು ಹೆಸರಿಲ್ಲ ಅಂತ ಯಾರೋ ಮಹಾನುಭಾವರು ಆಜ್ಞೆ ಹೊರಡಿಸಿಬಿಟ್ಟಿದ್ದಾರೆ. ಕರೆದವರಿಗೆ ಛಡಿ ಏಟು. ಮೊದಲು ರಾಣಿಯವರಿಗೆ ಹೊಡೆಸೋಣವೋ, ತಮಗೋ?"

"ಅದು ಪ್ರಜೆಗಳಿಗೆ ಕಣಯ್ಯಾ!"

"ಯಾರಿಗೇ ಬೀಳಲಿ ಅಂತ ಬರೆದಿದೆ ಪ್ರಭು. ಮುದ್ರೆ ತಮ್ಮದೇ."

"ಸುಡು ಆ ಆಜ್ಞೇನ!"

ಸಿದ್ದರಸನ ಬಳಿ ಆಜ್ಞೆಯ ಪ್ರತಿಯೂ ಇತ್ತು, ಪಕ್ಕದಲ್ಲಿ ಆರತಿಯ ದೀಪವೂ ಉರಿಯುತ್ತಿತ್ತು. ಗಳಿಗೆಯಲ್ಲಿ ಬೂದಿಯಾಯಿತು. ಅರಸ ಉಸ್ಸಪ್ಪಾ ಎಂದು ಕೂತ. "ನನ್ನ ಮಾನ ಉಳಿಸಿದೆ. ಏನು ಬೇಕು ಕೇಳು."

"ದೇವೀರಮ್ಮನ ಮಗನಿಗೆ ಮೈಲಾರಪ್ಪ ಅಂತ ತಾವೇ ಹೆಸರಿಡಬೇಕು ಪ್ರಭು."

"ಮೈಲಾರಪ್ಪ? ಅದ್ಯಾವನೋ ಅವನು?"

"ತಮ್ಮ ಬಿರುದಿನಲ್ಲಿ 'ಕಲ್ಲುಗುಡ್ಡದ ಕೋಟೆ ಕೆಡಹಿದ ಕಲಿ' ಅಂತ ಒಂದಿದೆಯಲ್ಲ, ಆವತ್ತು ಕೋಟೆ ಕೆಡಹಲು ಹೋಗಿ ಬಾಗಿಲಲ್ಲೇ ಸತ್ತವನು. ತಮಗೆ ಆವತ್ತು ನೆಗಡಿ."

ಮೊದಲು ನಕ್ಕವಳು ಚೆನ್ನಾಜಮ್ಮ. ಅರಸನ ಮುಖ ಕೆಂಪಾಯಿತು, ಆಮೇಲೆ ಅವನೂ ನಕ್ಕುಬಿಟ್ಟ. ನಾಚಿಕೆಯಾದರೂ ನಗಬಲ್ಲವನಾಗಿದ್ದ, ಅಷ್ಟು ಒಳ್ಳೆಯತನ ಅವನಲ್ಲಿತ್ತು.

ಮಾರನೆಯ ದಿನದಿಂದ ಹೊಗಳುಭಟ್ಟ ಒಂದು ಬಿರುದು ಕಡಿಮೆ ಕೂಗತೊಡಗಿದ. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಹೊರಗೆ ಹೂವಿನ ಕಟ್ಟೆಯಿಂದ ದೇವೀರಮ್ಮ "ಮೈಲಾರಪ್ಪಾ, ಬಾರಪ್ಪಾ" ಎಂದು ಕೂಸನ್ನು ಬಾಯ್ತುಂಬ ಕರೆಯುವುದು ಆಸ್ಥಾನಕ್ಕೆಲ್ಲ ಕೇಳಿಸುತ್ತಿತ್ತು.