ರಾಜನನ್ನು ಮಂಚದಿಂದ ಇಳಿಸಿದ ಕವಡೆ

ಒಂದಾನೊಂದು ಊರಿನಲ್ಲಿ, ರಾಜನ ಪ್ರಶ್ನೆಗೆ ಮನುಷ್ಯರ ತಲೆಯಲ್ಲಿ ಉತ್ತರವಿಲ್ಲ ಎಂದು ಎಲ್ಲರೂ ನಂಬಿದ್ದರು. ಓದಿದವರು ತುಸು ಹೆಚ್ಚಾಗಿಯೇ ನಂಬಿದ್ದರು.

ಪ್ರಶ್ನೆ ಇದು. ಬೆಳಿಗ್ಗೆ ಬಲಮಗ್ಗುಲಿಗೆ ಏಳಬೇಕು, ಸರಿ. ಆದರೆ ಅಂಗಾತ ಮಲಗಿದರೆ ಬಲ ಒಂದು ಕಡೆ, ಬೋರಲು ಮಲಗಿದರೆ ಇನ್ನೊಂದು ಕಡೆ. ಹಾಗಾದರೆ ಮಂಚದ ಯಾವ ಬದಿಗೆ ಇಳಿಯಬೇಕು? ಉತ್ತರ ಸಿಗದೆ ಇಳಿಯುವುದಿಲ್ಲವೆಂದು ರಾಜ ಮೂರು ವರ್ಷದಿಂದ ಮಂಚದ ಮೇಲೇ ಕೂತಿದ್ದ. ಊಟ, ರಾಜ್ಯಭಾರ, ಒಂದು ಯುದ್ಧ, ಎಲ್ಲ ಅಲ್ಲಿಂದಲೇ.

ಆ ಊರಲ್ಲಿ ಕಾತ್ಯಾಯಿನಿ ಎಂಬ ವಿಜ್ಞಾನಿ ಇದ್ದಳು. ಅವಳ ಪ್ರಯೋಗಶಾಲೆಯಲ್ಲಿ ಒಂದು ತಣ್ಣನೆಯ ಪೆಟ್ಟಿಗೆ, ಅದರೊಳಗೆ ಒಂದು ಕ್ವಾಂಟಮ್ ಕವಡೆ. ಯಾರೂ ನೋಡದಿದ್ದರೆ ಅದು ಒಟ್ಟಿಗೇ ಅಂಗಾತವೂ ಬೋರಲೂ ಬಿದ್ದಿರುತ್ತಿತ್ತು. ನೋಡಿದರೆ ಯಾವುದೋ ಒಂದು. ತಮ್ಮ ಪ್ರಶ್ನೆಗೆಂದೇ ಹುಟ್ಟಿದ ಯಂತ್ರವಿದು ಎಂದು ಅವಳು ರಾಜನಿಗೆ ಧೈರ್ಯವಾಗಿ ಹೇಳಿದಳು.

ರಾಜ ಒಪ್ಪಿದ. "ಯುಗಾದಿಯೊಳಗೆ ಉತ್ತರ ಬರಬೇಕು, ತಾಯಿ. ಬರದಿದ್ದರೆ ಪೆಟ್ಟಿಗೆ ಅಡುಗೆಮನೆಗೆ. ಮಜ್ಜಿಗೆಯಾದರೂ ತಣ್ಣಗಿರುತ್ತದೆ."

ಹನ್ನೆರಡು ವರ್ಷ ಕೂತು ತಣಿಸಿದ ಪೆಟ್ಟಿಗೆ ಅದು. ಅಂದಿನಿಂದ ಕಾತ್ಯಾಯಿನಿ ಮಜ್ಜಿಗೆ ಕುಡಿಯುವುದನ್ನೇ ಬಿಟ್ಟಳು.

ಕವಡೆ ಸೆಕೆ ಎಂದಿತು. ಊರಿನ ಚಳಿಯನ್ನೆಲ್ಲ ತಂದು ಪೆಟ್ಟಿಗೆಗೆ ತುಂಬಿದರು. ಆ ವರ್ಷ ಊರಿಗೆ ಚಳಿಗಾಲ ಬರಲಿಲ್ಲ. ಕವಡೆ ಗದ್ದಲ ಎಂದಿತು. ಒನಕೆಗಳಿಗೆ ಬೀಗ ಹಾಕಿದರು, ಹುಂಜಗಳನ್ನು ಗಡಿಪಾರು ಮಾಡಿದರು. ಕವಡೆ ಒಂಟಿಯಾಗಿದ್ದರೆ ತಪ್ಪಾಗುತ್ತದೆ ಎಂದಿತು. ತಪ್ಪು ತಿದ್ದಲು ಒಂಬತ್ತು ಕವಡೆ ಇಟ್ಟರು. ಒಂಬತ್ತೂ ತಪ್ಪಿದವು. ಅವನ್ನು ತಿದ್ದಲು ಎಂಬತ್ತೊಂದು ಇಟ್ಟರು. ಕೊನೆಗೆ ಊರಲ್ಲಿ ಚೌಕಾಬಾರ ಆಡಲು ಒಂದು ಕವಡೆಯೂ ಉಳಿಯಲಿಲ್ಲ.

ಎಲ್ಲಿಗೆ ಬಂತು ಎಂದು ರಾಜ ದಿನಾ ಕೇಳಿ ಕಳಿಸುತ್ತಿದ್ದ. ಫಲಿತಾಂಶ ಆಶಾದಾಯಕವಾಗಿದೆ ಎಂದು ಅವಳು ದಿನಾ ಹೇಳಿ ಕಳಿಸುತ್ತಿದ್ದಳು.

ಯುಗಾದಿ ಬಂತು. ಪೆಟ್ಟಿಗೆಯನ್ನು ಮಂಚದ ಬಳಿಗೆ ಹೊತ್ತು ತಂದರು. ಕವಡೆ ಒಳಗಿನಿಂದಲೇ ನುಡಿಯಿತು: "ಎರಡೂ ಬದಿಗೆ ಇಳಿಯಿರಿ, ಒಟ್ಟಿಗೇ. ಯಾರೂ ನೋಡಬಾರದು."

ಸಭೆ ಕಣ್ಣು ಮುಚ್ಚಿತು. ರಾಜನೂ ಮುಚ್ಚಿದ. ದಡ್ ಎಂದು ಒಂದು ಸದ್ದಾಯಿತು. ಕಣ್ಣು ಬಿಟ್ಟಾಗ ರಾಜ ಬಾಗಿಲ ಕಡೆ ನೆಲದ ಮೇಲೆ ನಿಂತಿದ್ದ. ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು.

"ಇದೇನಮ್ಮ?"

"ನೋಡಿಬಿಟ್ಟೆವಲ್ಲ, ಮಹಾಪ್ರಭು. ಇಬ್ಬರಲ್ಲಿ ಒಬ್ಬರು ಉಳಿದಿರಿ. ಬುಗುಟು ಇನ್ನೊಬ್ಬರದು."

ರಾಜ ಬುಗುಟನ್ನು ಸವರಿ ನೋಡಿದ. ಪುರಾವೆ ಗಟ್ಟಿಯಾಗಿತ್ತು. ಪೆಟ್ಟಿಗೆ ಅಡುಗೆಮನೆಗೆ ಹೋಗಲಿಲ್ಲ, ಅದಕ್ಕಿಂತ ದೊಡ್ಡದೊಂದಕ್ಕೆ ಅಪ್ಪಣೆಯಾಯಿತು. ಕಾತ್ಯಾಯಿನಿ ಎರಡು ಲೋಟ ಮಜ್ಜಿಗೆ ಕುಡಿದಳು.

ಅವರು ಅಲ್ಲಿ ನಂಬಿಕೊಂಡು ಸುಖವಾಗಿದ್ದಾರೆ, ನಾವು ಇಲ್ಲಿ ಕೇಳಿಕೊಂಡು ಸುಮ್ಮನಿದ್ದೇವೆ. ಒಂದು ಮಾತು ಹೇಳಿ ಏಳುತ್ತೇನೆ. ಮಂಚದ ಆಚೆ ಬದಿಗೆ ಗೋಡೆಯಿತ್ತು.