ಕತ್ತಿನ ಗಂಟೂ ಹೆಬ್ಬೆರಳ ಸಾಕ್ಷಿಯೂ

ಹಾರ್ಮೋನಿಯಂ ಮೇಷ್ಟ್ರು ಶೇಷಗಿರಿಯಪ್ಪನವರ ಕತ್ತಿನ ಹಿಂದೆ, ಚರ್ಮದಡಿ, ಗೋಲಿಯಷ್ಟು ದಪ್ಪದ ಒಂದು ಗಂಟಿತ್ತು. ಅದರೊಳಗೆ ಪುಟ್ಟತಾಯಮ್ಮ ಎಂಬ ಬ್ಯಾಕ್ಟೀರಿಯಾ ಯಾರ ತಂಟೆಗೂ ಹೋಗದೆ ವರ್ಷಗಟ್ಟಲೆಯಿಂದ ಸುಖವಾಗಿ ಸಂಸಾರ ಮಾಡಿಕೊಂಡಿದ್ದಳು. ಒಂದು ಬೆಳಿಗ್ಗೆ ಮೇಷ್ಟ್ರ ಹೆಬ್ಬೆರಳು ಆ ಗಂಟನ್ನು ಒತ್ತಿತು. ಏನನ್ನು ಒತ್ತಿದರೂ ಸ್ವರ ಬರುತ್ತದೆಂದು ಅದರ ನಂಬಿಕೆ, ಪಾಪ! ಗಂಟಿನ ಗೋಡೆ ಬಿರಿದು, ಒಳಗಿದ್ದ ಮೊಸರಿನಂಥ ಸರಕು ಮಾಂಸಕ್ಕೆ ಚೆಲ್ಲಿ, ಕತ್ತು ಕೆಂಪಗೆ ಊದಿಕೊಂಡಿತು. ಬಿಳಿ ರಕ್ತಕಣಗಳ ದಂಡು ಓಡೋಡಿ ಬಂತು. ದಂಡಿನ ಜಮೇದಾರ ಪುಟ್ಟತಾಯಮ್ಮನ ಜುಟ್ಟು ಹಿಡಿದ.

"ಬ್ಯಾಕ್ಟೀರಿಯಾ ತಾನೇ ನೀನು? ಇನ್ನೆಂಥ ವಿಚಾರಣೆ! ನುಂಗಿಬಿಡುತ್ತೇನೆ."

"ಸ್ವಾಮಿ, ಗಂಟು ತಣ್ಣಗಿದ್ದಾಗಲೂ ನಾನು ಇಲ್ಲೇ ಇದ್ದೆನಲ್ಲ! ಆಗೇಕೆ ಊದಲಿಲ್ಲ? ಗೋಡೆ ಒಡೆದವರನ್ನು ಕೇಳಿ."

ಹೊರಗಿನಿಂದ ಹೆಬ್ಬೆರಳು ಗುಡುಗಿತು: "ಕೇಳಿದಿರಾ ಜಮೇದಾರರೇ, ಇವಳ ಬಾಯಿ! ನಾನು ಒತ್ತಿದ್ದು ಇಷ್ಟೇ ಇಷ್ಟು. ಅದಕ್ಕೆಲ್ಲ ಗೋಡೆ ಒಡೆಯುತ್ತದೆಯೇ? ಬೇಕಾದರೆ ಈಗಲೇ ತೋರಿಸುತ್ತೇನೆ, ನೋಡಿ."

ಜಮೇದಾರ "ಬೇಡ, ಬೇಡ" ಎನ್ನುವಷ್ಟರಲ್ಲಿ ಅದು ಒತ್ತಿಯೇಬಿಟ್ಟಿತು. ಉಳಿದಿದ್ದ ಗೋಡೆಯೂ ಕುಸಿದು, ಅವನು ಅಡಿಯಿಂದ ಮುಡಿಯವರೆಗೆ ಮೊಸರಾದ. ಮೇಲೆ ಮೇಷ್ಟ್ರು "ಅಯ್ಯಯ್ಯೋ" ಎಂದು ತಾರಸ್ಥಾಯಿಯಲ್ಲಿ ಕೂಗಿದರು.

ಜಮೇದಾರ ಮೀಸೆ ಒರೆಸಿಕೊಂಡು ಪುಟ್ಟತಾಯಮ್ಮನ ಜುಟ್ಟು ಬಿಟ್ಟ. "ತಪ್ಪು ನಿನ್ನದಲ್ಲ, ತಾಯಿ. ಇನ್ನು ನೆಮ್ಮದಿಯಾಗಿ ಮನೆಗೆ ಹೋಗು."

"ಯಾವ ಮನೆಗೆ, ಸ್ವಾಮಿ?" ಎಂದಳು ಪುಟ್ಟತಾಯಮ್ಮ.