ಜಾಡಿಗೊಂದು ರಗ್ಗು

ಮಡಿಕೇರಿಯ ಚಳಿಗೆ ನಡುಗುತ್ತಾ ಅಡುಗೆಯ ಚೋಮಿ ಒಂದು ರಗ್ಗು ಕೇಳಿದಳು. "ಚಳಿಗೆ ಮೈ ಗಟ್ಟಿಯಾಗ್ತದೆ," ಎಂದು ಉತ್ತಯ್ಯ ಸಾಹುಕಾರರು ಉಪದೇಶ ಕೊಟ್ಟರು. ಆದರೆ ಹುದುಗಲು ಇಟ್ಟಿದ್ದ ದ್ರಾಕ್ಷಿ ವೈನಿನ ಜಾಡಿಗೆ ತಾವೇ ಕೈಯಾರೆ ದಪ್ಪ ರಗ್ಗು ಹೊದಿಸಿದರು. ಪಾಪ, ಜಾಡಿಯ ಮೈ ಗಟ್ಟಿಯಾಗುವುದು ಅವರಿಗೆ ಬೇಕಿರಲಿಲ್ಲ.

"ತಣ್ಣಗಾಗಿ ವೈನು ಹುದುಗೋದು ನಿಂತರೆ ನಿನ್ನ ಕೆಲಸ ಹೋಯ್ತು!" ಎಂದು ಗುಡುಗಿದರು.

ಬೆಳಿಗ್ಗೆ ಬಂದು ನೋಡಿದರೆ, ಚೋಮಿ ಜಾಡಿಯನ್ನು ತಬ್ಬಿಕೊಂಡು ಅದೇ ರಗ್ಗಿನೊಳಗೆ ಗೊರಕೆ ಹೊಡೆಯುತ್ತಿದ್ದಳು.

"ಏನೇ ಇದು?"

"ರಗ್ಗಿಗೆ ಸ್ವಂತ ಬಿಸಿ ಎಲ್ಲಿದೆ ಸಾವ್ಕಾರ್ರೇ? ನನ್ನ ಮೈಬಿಸಿ ಕೊಡ್ತಾ ಇದ್ದೆ. ಬೇಡ ಅಂದ್ರೆ ಎದ್ದುಬಿಡ್ತೇನೆ."

ಜಾಡಿಯೊಳಗೆ ವೈನು ಚೆನ್ನಾಗಿ ಗುಳುಗುಳು ಎನ್ನುತ್ತಿತ್ತು. ಸಾಹುಕಾರರು ಹಲ್ಲು ಕಚ್ಚಿ, "ಮಲಗು, ಮಲಗು," ಎಂದರು.

ಮುಂದಿನ ಚಳಿಗಾಲಕ್ಕೆ ಚೋಮಿಯೇ ಕೇಳಿದಳು: "ಈ ಸಲ ಎರಡು ಜಾಡಿ ಹಾಕೋಣವಾ? ನನ್ನ ಅಕ್ಕನೂ ಬರ್ತಾಳೆ."